ಉಬ್ಬಸದವರಿರುವ ಮನೆ

2020ರ ಮಾರ್ಚ್ 24ರ ನಡುರಾತ್ರಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಮೂರು ದಿನದ ಮೇಲೆ, 27ರಂದು, ರೈಲಿನಲ್ಲಿ ದೆಹಲಿಗೆ ಹೋಗಿ ಬಂದಿದ್ದ ಶಿರಾ ಕಡೆಯ ಹಿರಿಯರೊಬ್ಬರು ತೀರಿಕೊಂಡರು. ತುಮಕೂರು ಜಿಲ್ಲೆಯ ಮೊದಲ ಕೋವಿಡ್ ಸಾವು ಅದು. ಅಲ್ಲಿಂದಾಚೆಗೆ ಆಟೋದ ಮೈಕಿನಲ್ಲಿ, ಟಿವಿಯಲ್ಲಿ, ಫೋನ್ ಮಾಡಿದರೆ ಆ ಕಡೆಯವರು ಎತ್ತುವುದಕ್ಕೂ ಮೊದಲೇ ಕೇಳಿಸುತ್ತಿದ್ದದ್ದು ಒಂದೇ ಮಾತು, ಮನೆಯಲ್ಲೇ ಇರಿ. ಆ ಮಾತು ತಪ್ಪೆಂದು ನಾನು ಹೇಳಹೊರಟಿಲ್ಲ. ಅದು ಅರ್ಧ ಮಾತು ಅನ್ನುತ್ತೇನೆ. ಉಬ್ಬಸ ಇರುವವರಿಗೆ, ವರ್ಷಗಟ್ಟಲೆ ಹೊಗೆ ಕುಡಿದು ಶ್ವಾಸಕೋಶ ಸೋತು ವೈದ್ಯರಿಂದ ಸಿಒಪಿಡಿ ಎಂಬ ಹೆಸರು ಪಡೆದವರಿಗೆ, ಉಳಿದರ್ಧವೇ ಹೆಚ್ಚು ಮುಖ್ಯವಾಗಿತ್ತು. ಮನೆಯಲ್ಲೇ ಇರಿ ಸರಿ, ಎಂಥ ಮನೆಯಲ್ಲಿ? ಎಲ್ಲಿಯವರೆಗೆ? ಈ ಎರಡು ಪ್ರಶ್ನೆಗೆ ಉತ್ತರ ಸಿಗದೆ ಒಳಗೆ ಕೂತವರು ಸೋಂಕಿನಿಂದ ಒಂದಿಷ್ಟು ತಪ್ಪಿಸಿಕೊಂಡಿರಬಹುದು, ಉಸಿರಿನ ಕಷ್ಟದಿಂದ ತಪ್ಪಿಸಿಕೊಳ್ಳಲಿಲ್ಲ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಮುಂದಿನ ಜ್ವರ ಯಾವ ಹೆಸರಿನಲ್ಲಿ ಬರುತ್ತದೋ ಗೊತ್ತಿಲ್ಲ. ಅದು ಬರುವ ಮುಂಚೆ ಈ ಲೆಕ್ಕ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಹಳೇ ಮೈಸೂರು ಸೀಮೆಗೆ ಸಾಂಕ್ರಾಮಿಕ ಹೊಸದೇನಲ್ಲ. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಿತು. ಆಮೇಲಿನ ದಶಕಗಳಲ್ಲಿ ಮನೆಯೊಳಗೆ ಇಲಿ ಸತ್ತು ಬಿದ್ದದ್ದು ಕಂಡರೆ ಸಾಕು, ಜನ ಊರು ಖಾಲಿ ಮಾಡಿ ಹೊಲದಲ್ಲಿ, ತೋಪಿನಲ್ಲಿ ಗುಡಿಸಲು ಹಾಕಿಕೊಂಡು ಇದ್ದುಬಿಡುತ್ತಿದ್ದರು. ಅಂದಿನ ಬುದ್ಧಿಮಾತು ಮನೆ ಬಿಡಿ ಎಂಬುದು, ಮೊನ್ನೆಯದು ಮನೆ ಸೇರಿ ಎಂಬುದು. ಆಯಾ ರೋಗಕ್ಕೆ ಎರಡೂ ಸರಿಯೇ. ಪ್ಲೇಗು ಬರುತ್ತಿದ್ದದ್ದು ಇಲಿಯ ಮೈಮೇಲಿನ ಚಿಗಟದಿಂದ, ಕೋವಿಡ್ ಬಂದದ್ದು ಇನ್ನೊಬ್ಬರ ಉಸಿರಿನಿಂದ. ಆದರೆ ಉಸಿರಿನಿಂದ ಎಂಬುದನ್ನು ಒಪ್ಪಿಕೊಳ್ಳಲು ಬಲ್ಲವರಿಗೇ ಬಹಳ ದಿನ ಹಿಡಿಯಿತು. ನಮ್ಮ ಜಿಲ್ಲೆಯ ಆ ಮೊದಲ ಸಾವಿನ ಮಾರನೇ ದಿನ, ಮಾರ್ಚ್ 28ರಂದು, ಈ ರೋಗ ಗಾಳಿಯಲ್ಲಿ ಹರಡುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಅಡ್ಡಗೆರೆ ಎಳೆದಂತೆ ಹೇಳಿತ್ತು. ಅದಕ್ಕೂ ಮುಂಚೆ, ಮಾರ್ಚ್ 10ರಂದು, ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 61 ಮಂದಿ ಒಂದು ಕಡೆ ಸೇರಿ ಎರಡೂವರೆ ಗಂಟೆ ಹಾಡು ಅಭ್ಯಾಸ ಮಾಡಿದ್ದರು. ಅವರಲ್ಲಿ ಒಬ್ಬರಿಗೆ ನೆಗಡಿಯಂಥ ಲಕ್ಷಣವಿತ್ತು. ಉಳಿದವರಲ್ಲಿ 32 ಮಂದಿಗೆ ಸೋಂಕು ಖಚಿತವಾಯಿತು, ಇನ್ನೂ 20 ಮಂದಿಯದು ಅದೇ ಇರಬೇಕೆಂದು ಲೆಕ್ಕ ಹಿಡಿದರು. ಮುಟ್ಟಿದ್ದರಿಂದ ಮಾತ್ರ ಇಷ್ಟು ಜನಕ್ಕೆ ಹೀಗೆ ತಗುಲುವುದಿಲ್ಲ. ಕೊನೆಗೆ 2021ರ ಮೇ 20ರಂದು ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರ ಕೆ. ವಿಜಯರಾಘವನ್ ಅವರ ಕಚೇರಿ, ಸೂಕ್ಷ್ಮ ಹನಿಗಳು ಗಾಳಿಯಲ್ಲಿ 10 ಮೀಟರ್‌ವರೆಗೂ ತೇಲಬಲ್ಲವು, ಕಿಟಕಿ ಬಾಗಿಲು ತೆರೆದಿಡಿ ಎಂದು ಸಲಹೆ ಕೊಟ್ಟಿತು. ಅಷ್ಟು ಹೊತ್ತಿಗೆ ಎರಡನೇ ಅಲೆ ನೆತ್ತಿಗೇರಿತ್ತು. ಒಂದು ವರ್ಷ ನಾವು ಹಾಲಿನ ಪ್ಯಾಕೆಟ್ಟು, ತರಕಾರಿ ಎಲ್ಲ ತೊಳೆದೆವು. ಕಿಟಕಿ ಮಾತ್ರ ಭದ್ರವಾಗಿ ಮುಚ್ಚಿಕೊಂಡಿದ್ದೆವು. ಅಂತರಸನಹಳ್ಳಿಯ ಕಾರ್ಖಾನೆಗೆ ಹೋಗಿ ಬರುವ ಮಗ, ಸಂತೆಗೆ ಹೋಗಿ ಬರುವ ಸೊಸೆ ಗೊತ್ತಿಲ್ಲದೆ ವೈರಸ್ಸನ್ನು ಒಳಗೆ ತಂದರೆ, ಮುಚ್ಚಿದ ಮನೆ ಅದನ್ನು ಹೊರಗೆ ಬಿಡುವುದಿಲ್ಲ. ಪಕ್ಕದವರು ಸೇದಿದ ಬೀಡಿಯ ವಾಸನೆ ಎಲ್ಲೆಲ್ಲಿಗೆ ಬರುತ್ತದೋ ಅಲ್ಲಿಗೆಲ್ಲ ಅದೂ ಬರುತ್ತದೆ.

ಮನೆಯೊಳಗಿನ ಗಾಳಿಯ ಇನ್ನೊಂದು ಕಥೆ ಕೋವಿಡ್‌ಗಿಂತ ಬಹಳ ಹಳೆಯದು. ತೆಂಗಿನ ಸೀಮೆಯ ಮನೆಗಳನ್ನು ನೋಡಿ. ಗುಬ್ಬಿ ತಾಲ್ಲೂಕಿನ ಹಳ್ಳಿಗಳಲ್ಲಿ ಅಡುಗೆಗೆ ಗ್ಯಾಸ್ ಬಂದಿದೆ, ನಿಜ. 2016ರ ಉಜ್ವಲ ಯೋಜನೆಯಿಂದ ಎಷ್ಟೋ ಮನೆಗಳಿಗೆ ಸಿಲಿಂಡರ್ ಬಂತು, 2020ರ ಲಾಕ್‌ಡೌನ್ ಕಾಲದಲ್ಲಿ ಆ ಫಲಾನುಭವಿಗಳಿಗೆ ಮೂರು ಸಿಲಿಂಡರ್ ಪುಕ್ಕಟೆಯಾಗಿಯೂ ಸಿಕ್ಕಿತು. ಆದರೆ ಬಚ್ಚಲಿನ ಹಂಡೆಗೆ ಗ್ಯಾಸ್ ಯಾರು ಉರಿಸುತ್ತಾರೆ? ತೋಟದಲ್ಲಿ ಮಟ್ಟೆ, ಗರಿ, ಕರಟ ರಾಶಿ ಬಿದ್ದಿರುವಾಗ ದುಡ್ಡು ಕೊಟ್ಟು ನೀರು ಕಾಯಿಸುವುದು ದಡ್ಡತನವೆಂದೇ ಎಲ್ಲರ ಎಣಿಕೆ. ಮುಂಜಾನೆ ಹಸಿಮಟ್ಟೆ ತುರುಕಿದ ಒಲೆ ಅರ್ಧ ಗಂಟೆ ಉರಿಯದೆ ಬರೀ ಹೊಗೆಯಾಡುತ್ತದೆ. ಬಚ್ಚಲಿಗೂ ಅಡುಗೆಮನೆಗೂ ನಡುವೆ ಗೋಡೆ ಇದ್ದರೂ ಹೊಗೆಗೆ ಅದು ಲೆಕ್ಕಕ್ಕಿಲ್ಲ. ನಡುಮನೆಯಲ್ಲಿ ಮಲಗಿದ ಅಜ್ಜಿಯ ಕೆಮ್ಮು ಎಂಟು ಗಂಟೆಯವರೆಗೂ ನಿಲ್ಲುವುದಿಲ್ಲ. ಇದಕ್ಕೆ ನಮ್ಮ ರಾಜ್ಯದಲ್ಲೇ ಲೆಕ್ಕ ಹಾಕಿದವರಿದ್ದಾರೆ. ಮೈಸೂರು ಜಿಲ್ಲೆಯ ಹಳ್ಳಿಯ ಹೆಂಗಸರನ್ನು ಪರೀಕ್ಷಿಸಿ ಪಿ.ಎ. ಮಹೇಶ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಒಲೆಯ ಮುಂದೆ ಕಳೆಯುವ ಗಂಟೆಗಳನ್ನು ಹಾಗೆ ಕಳೆದ ವರ್ಷಗಳಿಂದ ಗುಣಿಸಿದರು. ಗುಣಲಬ್ಧ 60 ಮುಟ್ಟಿದಲ್ಲಿಂದ ದೀರ್ಘಕಾಲದ ಕೆಮ್ಮು ಕಫದ ಕಾಯಿಲೆಯ ಅಪಾಯ ಎದ್ದು ಕಂಡಿತು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಎಂದರೆ ಅಲ್ಲಿಗೆ ಅರವತ್ತು. ಇಪ್ಪತ್ತಕ್ಕೆ ಮದುವೆಯಾಗಿ ಬಂದ ಸೊಸೆ ನಲವತ್ತಕ್ಕೆಲ್ಲ ಆ ಗೆರೆ ದಾಟಿರುತ್ತಾಳೆ, ಒಂದು ಬೀಡಿಯನ್ನೂ ಸೇದದೆ. ಲಾಕ್‌ಡೌನ್ ಮಾಡಿದ್ದೇನು? ಬೆಳಗ್ಗೆ ಎದ್ದು ತೋಟಕ್ಕೋ ಜಗಲಿಗೋ ಹೋಗಿ ಕೂರುತ್ತಿದ್ದ ವಯಸ್ಸಾದವರನ್ನು, ಶಾಲೆಗೆ ಹೋಗುತ್ತಿದ್ದ ಮಕ್ಕಳನ್ನು ಇಡೀ ದಿನ ಆ ಹೊಗೆಯ ಜೊತೆಗೇ ಕೂಡಿಹಾಕಿತು.

ಹೊಗೆ ಒಲೆಯದೇ ಆಗಬೇಕಿಲ್ಲ. ತುಮಕೂರು ನಗರದಲ್ಲಿ ಹಂಡೆ ಒಲೆ ಕಡಿಮೆಯಾಗಿರಬಹುದು, ಮಂಚದ ಕೆಳಗಿನ ಸೊಳ್ಳೆಬತ್ತಿ ಕಡಿಮೆಯಾಗಿಲ್ಲ. 2003ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯ ಪ್ರಕಾರ, ಒಂದು ಸುರುಳಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳ ತೂಕ 75ರಿಂದ 137 ಸಿಗರೇಟು ಸುಟ್ಟಷ್ಟಕ್ಕೆ ಸಮ. ಮನೆಯಲ್ಲಿ ಯಾರಾದರೂ ಒಂದು ಸಿಗರೇಟು ಹಚ್ಚಿದರೆ ಬೈಯುವ ನಾವೇ ರಾತ್ರಿ ಬಾಗಿಲು ಮುಚ್ಚಿ, ಮಗುವಿನ ತಲೆಯ ಹತ್ತಿರ ಅದನ್ನು ಹಚ್ಚಿಟ್ಟು ಮಲಗುತ್ತೇವೆ. ಇಲ್ಲಿ ಎರಡು ಆಕ್ಷೇಪಣೆ ಬರುತ್ತವೆ, ಎರಡೂ ನ್ಯಾಯವಾದವೇ. ಸೊಳ್ಳೆ ಕಚ್ಚಿ ಡೆಂಗಿ ಬಂದರೆ ಅದೇನು ಸಣ್ಣ ಅಪಾಯವೇ ಎಂದು ಕೇಳಬಹುದು. ಅಲ್ಲ. ಆದರೆ ಅದಕ್ಕೆ ಸೊಳ್ಳೆಪರದೆ ಇದೆ, ಕಿಟಕಿಗೆ ಹೊಡೆಯುವ ಜಾಲರಿ ಇದೆ. ಜಾಲರಿ ಹೊಡೆದ ಕಿಟಕಿಯನ್ನು ರಾತ್ರಿಯಿಡೀ ತೆರೆದಿಡಬಹುದು, ಸೊಳ್ಳೆ ಒಳಗೆ ಬರುವುದಿಲ್ಲ, ಉಸಿರು ಹೊರಗೆ ಹೋಗುತ್ತದೆ. ಒಂದೇ ಖರ್ಚಿನಲ್ಲಿ ಎರಡು ಕೆಲಸ ಆಗುವ ಇಂಥ ವಸ್ತು ಮನೆಯಲ್ಲಿ ಬೇರೆ ಯಾವುದಿದೆಯೋ ಹುಡುಕಬೇಕು. ಇನ್ನೊಂದು ಆಕ್ಷೇಪಣೆ ನಂಬಿಕೆಯದು. ಸಾಂಬ್ರಾಣಿ, ಬೇವಿನ ಸೊಪ್ಪಿನ ಹೊಗೆ ಹಾಕಿದರೆ ರೋಗಾಣು ಸಾಯುತ್ತವೆ, ಹಿರಿಯರು ಸುಮ್ಮನೆ ಹೇಳಿಲ್ಲ ಎನ್ನುವವರಿದ್ದಾರೆ. ಬೇವಿನ ಹೊಗೆಗೆ ಸೊಳ್ಳೆ ದೂರ ಹೋಗಬಹುದು. ಆದರೆ ವೈರಸ್ಸು ಸಾಯುವಷ್ಟು ಹೊಗೆ ಒಂದು ಕೋಣೆಯಲ್ಲಿ ತುಂಬಿದರೆ ಅಲ್ಲಿ ಮನುಷ್ಯ ಇರಲಾರ. ದೇವರ ಮುಂದೆ ಒಂದು ಊದುಬತ್ತಿ ಬೇಕೇ ಬೇಕು ಅನ್ನುವವರು ಅದನ್ನು ತುಳಸಿಕಟ್ಟೆಯ ಹತ್ತಿರ ಹಚ್ಚಲಿ, ದೇವರು ಬೇಸರಪಟ್ಟುಕೊಳ್ಳಲಾರ.

ಹಾಗಾದರೆ ಗಾಳಿ ಆಡುವ ಮನೆ ಹೇಗಿರಬೇಕು? ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ಕ್ಷಯರೋಗದ ನೆಪದಿಂದ ಇದನ್ನು ಅಳೆದು ನೋಡಿ 2007ರಲ್ಲಿ ಪ್ರಕಟಿಸಿದರು. ಕಿಟಕಿ ಬಾಗಿಲು ತೆರೆದ ಕೋಣೆಗಳಲ್ಲಿ ಗಂಟೆಗೆ ಸುಮಾರು 28 ಬಾರಿ ಗಾಳಿ ಪೂರ್ತಿ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿ ಎಳೆಯುವ ದುಬಾರಿ ಕೋಣೆಗಳ ಲೆಕ್ಕ ಗಂಟೆಗೆ 12. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, 1950ಕ್ಕೂ ಹಿಂದೆ ಕಟ್ಟಿದ, ಸೂರು ಎತ್ತರ ಕಿಟಕಿ ದೊಡ್ಡದು ಇದ್ದ ಹಳೆಯ ಆಸ್ಪತ್ರೆಗಳು ಆಮೇಲೆ ಕಟ್ಟಿದವುಗಳಿಗಿಂತ ಬಹಳ ಮುಂದಿದ್ದವು. ನಮ್ಮ ಕಡೆಗೂ ಇದನ್ನು ಹೊಂದಿಸಿ ನೋಡಬಹುದು. ಹೆಂಚಿನ ಮನೆಯ ಸಂದುಗಳಲ್ಲಿ, ಬೆಳಕಿಂಡಿಯಲ್ಲಿ, ತೊಟ್ಟಿಯಲ್ಲಿ ಗಾಳಿಗೆ ತಾನಾಗಿ ದಾರಿ ಇತ್ತು. ಅದನ್ನು ಕೆಡವಿ ಕಟ್ಟಿದ ಆರ್‌ಸಿಸಿ ಮನೆಯಲ್ಲಿ ಸೂರು ತಗ್ಗು, ಪಕ್ಕದ ಗೋಡೆಗೆ ಗೋಡೆ ತಾಗಿದೆ, ಇರುವ ಒಂದು ಕಿಟಕಿಗೆ ಕಳ್ಳರ ಭಯ. ಹಳೆಯದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ಆ ಹೆಂಚಿನ ಮನೆಯ ಅಡುಗೆಕೋಣೆಯ ಜಂತೆ ಯಾಕೆ ಕಪ್ಪಗಿತ್ತೆಂದು ಎಲ್ಲರಿಗೂ ಗೊತ್ತು. ಆದರೆ ಹೊಸ ಮನೆ ಕಟ್ಟಿಸುವವರು ಎದುರುಬದುರಾಗಿ ಎರಡು ತೆರಪು ಬಿಡಿಸುವುದಕ್ಕೆ ಮೇಸ್ತ್ರಿ ಹೆಚ್ಚು ಕೂಲಿ ಕೇಳುವುದಿಲ್ಲ. ಇನ್ನು ಬಾಡಿಗೆಯ ಒಂಟಿಕೋಣೆಯಲ್ಲಿ, ವಠಾರದಲ್ಲಿ ಇರುವವರಿಗೆ ಈ ಉಪದೇಶವೆಲ್ಲ ಅಣಕವಾಗಿ ಕೇಳಿಸಬಹುದು. ಅವರ ಕೈಯಲ್ಲೂ ಸ್ವಲ್ಪ ಉಪಾಯ ಉಂಟು. ಟೇಬಲ್ ಫ್ಯಾನನ್ನು ಕಿಟಕಿಯಲ್ಲಿ ಹೊರಮುಖವಾಗಿ ಇಟ್ಟರೆ ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಬಾಗಿಲಿನಿಂದ ಹೊಸದು ಬರುತ್ತದೆ. ಕೆಮ್ಮು ಜ್ವರ ಇರುವವರು ಫ್ಯಾನಿನ ಹತ್ತಿರ, ಉಬ್ಬಸದವರು ಬಾಗಿಲಿನ ಹತ್ತಿರ ಮಲಗಬೇಕು, ಉಲ್ಟಾ ಆಗಬಾರದು. ಆಷಾಢದಲ್ಲಿ ನಮ್ಮಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಮಾಗಿಯಲ್ಲಿ ಮೂಡಣದಿಂದ. ಗಾಳಿ ಬರುವ ಕಡೆ ಉಬ್ಬಸದವರ ಜಾಗ ಎಂದಿಟ್ಟುಕೊಂಡರೆ ಮನೆಯಲ್ಲಿ ಮಂಚ ವರ್ಷಕ್ಕೆ ಎರಡು ಸಲ ಜರುಗಬೇಕಾಗುತ್ತದೆ, ಅಷ್ಟೆ.

ಥಂಡಿಗಾಳಿ ಬಡಿದರೆ ದಮ್ಮು ಏಳುತ್ತದೆ, ಇವರು ಕಿಟಕಿ ತೆಗೆ ಅನ್ನುತ್ತಾರಲ್ಲ ಎಂದು ಈ ಹೊತ್ತಿಗೆ ಕೆಲವರಾದರೂ ಗೊಣಗಿರುತ್ತೀರಿ. ಆ ಮಾತಿನಲ್ಲಿ ಸತ್ಯವಿದೆ. ಒಣಗಿದ ತಣ್ಣನೆಯ ಗಾಳಿ ಉಬ್ಬಸದವರ ಶ್ವಾಸನಾಳವನ್ನು ಬಿಗಿಸುತ್ತದೆ. ದೂಳೂ ಹಾಗೆಯೇ. ತುಮಕೂರಿನಲ್ಲಿ ಸ್ಮಾರ್ಟ್ ಸಿಟಿ ಕಾಮಗಾರಿಗೆ ರಸ್ತೆ ಅಗೆದಿಟ್ಟ ವರ್ಷಗಳಲ್ಲಿ ಬೀದಿ ಕಡೆಯ ಕಿಟಕಿ ತೆರೆದವರ ಪಾಡು ಅವರಿಗೇ ಗೊತ್ತು. ಕುಣಿಗಲ್, ಗುಬ್ಬಿ ಕಡೆ ಸುಗ್ಗಿಯಲ್ಲಿ ರಾಗಿಯನ್ನು ಡಾಂಬರು ರಸ್ತೆಗೇ ಹರಡಿ ಬಸ್ಸು ಲಾರಿಗಳ ಕೈಲಿ ಒಕ್ಕಣೆ ಮಾಡಿಸುವಾಗ ಏಳುವ ಹೊಟ್ಟಿನ ದೂಳು ಒಂದು ಸಲ ಗಂಟಲಿಗೆ ಇಳಿದರೆ ಆ ರಾತ್ರಿ ನಿದ್ದೆ ಇಲ್ಲ. ಆದ್ದರಿಂದ ಕಿಟಕಿ ಸದಾ ತೆರೆದಿಡಿ ಎಂಬ ವ್ರತ ಬೇಡ. ಒಕ್ಕಣೆ ನಡೆಯುವಾಗ, ಬೀದಿಯಲ್ಲಿ ಕಸ ಸುಡುವಾಗ ಆ ಕಡೆಯದನ್ನು ಮುಚ್ಚಿ, ಹಿತ್ತಲ ಕಡೆಯದನ್ನು ತೆಗೆಯಿರಿ. ಚಳಿಗೆ ಕಿವಿಗೆ ಮಫ್ಲರ್, ಮೂಗಿಗೆ ಮಾಸ್ಕು ಇದೆ. ಬಟ್ಟೆಯ ಒಳಗಿನ ಗಾಳಿ ನಮ್ಮದೇ ಉಸಿರಿನಿಂದ ಬೆಚ್ಚಗಾಗಿ, ತೇವವಾಗಿ ಒಳಗೆ ಹೋಗುತ್ತದೆ. ಎರಡು ಅಪಾಯಗಳನ್ನು ತೂಗಿ ನೋಡಿದರೆ, ಥಂಡಿಯಿಂದ ಎದ್ದ ಬಿಗಿತವನ್ನು ಇನ್ಹೇಲರ್ ಸಾಮಾನ್ಯವಾಗಿ ಇಳಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಹತ್ತಿದ ಸೋಂಕು ಅಷ್ಟು ಸುಲಭವಾಗಿ ಇಳಿಯುವುದಿಲ್ಲ.

ಇನ್ಹೇಲರಿನ ಮಾತು ಬಂತು. ಜನರ ಬಾಯಲ್ಲಿ ಅದು ಪಂಪು. ಸಾಂಕ್ರಾಮಿಕ ಕಾಲದಲ್ಲಿ ಉಬ್ಬಸದವರ ಮನೆಗಳಲ್ಲಿ ಹರಡಿದ ಭಯಗಳಲ್ಲಿ ಇದೂ ಒಂದು: ಪಂಪಿನಲ್ಲಿ ಸ್ಟೀರಾಯ್ಡ್ ಇದೆ, ಅದು ರೋಗನಿರೋಧಕ ಶಕ್ತಿ ಕುಂದಿಸುತ್ತದೆ, ನಿಲ್ಲಿಸಿಬಿಡಿ. ಇದು ಅಳತೆ ಗೊತ್ತಿಲ್ಲದವರ ಭಯ. ದಿನಕ್ಕೆ ಎಳೆಯುವ ಔಷಧ ಕೆಲವು ನೂರು ಮೈಕ್ರೋಗ್ರಾಂ. ಉಬ್ಬಸ ಕೆರಳಿದಾಗ ನುಂಗುವ ಮಾತ್ರೆಯ ಅಳತೆ ಮಿಲಿಗ್ರಾಂಗಳಲ್ಲಿ, ಅಂದರೆ ಸಾವಿರಪಟ್ಟಿನ ಮಾನದಲ್ಲಿ. ಪಂಪನ್ನು ಬಿಟ್ಟವರಿಗೆ ದಮ್ಮು ಕೆರಳಿ, ಕೊನೆಗೆ ಆ ಮಾತ್ರೆಯನ್ನೇ ನುಂಗಬೇಕಾಗುತ್ತದೆ. ಚೆನ್ನಾಗಿ ಹತೋಟಿಯಲ್ಲಿರುವ ಉಬ್ಬಸ ಕೋವಿಡ್‌ನಲ್ಲಿ ಅಂಥ ದೊಡ್ಡ ಹೆಚ್ಚುವರಿ ಅಪಾಯವಾಗಿ ಕಾಣಲಿಲ್ಲ, ಹತೋಟಿ ತಪ್ಪಿದ್ದೇ ಅಪಾಯವಾಯಿತು. ಇದರ ಇನ್ನೊಂದು ಮುಖ ವಿಚಿತ್ರವಾಗಿದೆ. ಆಕ್ಸ್‌ಫರ್ಡಿನ ಪ್ರಿನ್ಸಿಪಲ್ ಎಂಬ ಪ್ರಯೋಗದಲ್ಲಿ ಬುಡೆಸೊನೈಡ್ ಎಂಬ ಸ್ಟೀರಾಯ್ಡಿನ ಪಂಪು ಕೋವಿಡ್ ಬಂದ ಹಿರಿಯರ ಚೇತರಿಕೆಯನ್ನು ಸುಮಾರು ಮೂರು ದಿನ ಬೇಗ ಮಾಡಿತು. 2021ರ ಏಪ್ರಿಲ್ 28ರ ಕೇಂದ್ರ ಸರ್ಕಾರದ ಮಾರ್ಗಸೂಚಿಯೂ ಐದು ದಿನದ ಮೇಲೂ ಜ್ವರ ಕೆಮ್ಮು ನಿಲ್ಲದಿದ್ದರೆ ಅದನ್ನು ಎಳೆಯಲು ಹೇಳಿತ್ತು, ಸೌಮ್ಯ ಕಾಯಿಲೆಗೆ ಸ್ಟೀರಾಯ್ಡ್ ಮಾತ್ರೆ ಬೇಡವೆಂದೂ ಹೇಳಿತ್ತು. ನಮ್ಮಲ್ಲಿ ಎಷ್ಟೋ ಕಡೆ ನಡೆದದ್ದು ತದ್ವಿರುದ್ಧ. ಪಂಪಿಗೆ ಹೆದರಿದವರು ಮೆಡಿಕಲ್ ಸ್ಟೋರಿನಿಂದ ಡೆಕ್ಸಾಮೆಥಾಸೋನ್ ತಂದು ಮೊದಲ ದಿನದಿಂದಲೇ ನುಂಗಿದರು. ಆ ಮಾತ್ರೆ ಆಮ್ಲಜನಕ ಬೇಕಾದವರ ಜೀವ ಉಳಿಸುತ್ತದೆ, ಬೇಡದವರಿಗೆ ಉಪಯೋಗವಿಲ್ಲವೆಂದು 2020ರ ಜೂನ್‌ನಲ್ಲೇ ರಿಕವರಿ ಎಂಬ ಪ್ರಯೋಗ ತೋರಿಸಿತ್ತು. ಮರುವರ್ಷ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರದ ಕಾಯಿಲೆ ಎದ್ದದ್ದರಲ್ಲಿ ಸಕ್ಕರೆ ಕಾಯಿಲೆಯ ಜೊತೆಗೆ ಈ ಅತಿಬಳಕೆಯ ಪಾಲೂ ಇತ್ತು.

ಪಂಪನ್ನು ಎಳೆಯುವ ಬಗೆ ಗೊತ್ತಿಲ್ಲದೆ ಅರ್ಧ ಔಷಧ ನಾಲಿಗೆಗೇ ಅಂಟಿ ವ್ಯರ್ಥವಾಗುವುದು ಸಾಮಾನ್ಯ. ಅದಕ್ಕೆಂದೇ ಸ್ಪೇಸರ್ ಎಂಬ ಡಬ್ಬಿ ಬರುತ್ತದೆ. ಅದು ಸಿಗದ ಕಡೆ ಅರ್ಧ ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿ ಸಾಕು. ಅದರ ತಳಕ್ಕೆ ಪಂಪಿನ ಮೂತಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿ, ಸಂದು ಮುಚ್ಚಿ, ಬಾಟಲಿಯ ಬಾಯಿಯಿಂದ ನಿಧಾನವಾಗಿ ಉಸಿರೆಳೆಯುವುದು. ಇದು ಬಡವರ ಸಮಾಧಾನಕ್ಕೆ ಹೇಳಿದ ಮಾತಲ್ಲ. ದಕ್ಷಿಣ ಆಫ್ರಿಕಾದ ವೈದ್ಯರು ಉಬ್ಬಸದ ಮಕ್ಕಳಲ್ಲಿ ಪರೀಕ್ಷಿಸಿ, ಅಂಗಡಿಯ ಸ್ಪೇಸರಿಗೆ ಈ ಬಾಟಲಿ ಸರಿಸಮವೆಂದು 1999ರಲ್ಲೇ ಪ್ರಕಟಿಸಿದ್ದಾರೆ. ಎಳೆದಾದ ಮೇಲೆ ಬಾಯಿ ಮುಕ್ಕಳಿಸಿದರೆ ಬಾಯಿಹುಣ್ಣಿನ ಕಾಟವೂ ಇಲ್ಲ. ಹಬೆಯ ಬಗ್ಗೆಯೂ ಒಂದು ಮಾತು. ದಿನಕ್ಕೆರಡು ಬಾರಿ ಹಬೆ ತೆಗೆದುಕೊಳ್ಳಿ ಎಂದು ಆಗಿನ ಸರ್ಕಾರಿ ಕಾಗದದಲ್ಲೇ ಇತ್ತು, ಹಾಗಾಗಿ ಜನರನ್ನು ದೂರುವಂತಿಲ್ಲ. ಗಂಟಲಿಗೆ ಹಿತ, ವೈರಸ್ಸಿಗೆ ಏನೂ ಇಲ್ಲ. ಅದಕ್ಕೆ ನೀಲಗಿರಿ ಎಣ್ಣೆ, ಕರ್ಪೂರ ಹಾಕಿ ಕಂಬಳಿ ಮುಸುಕು ಹಾಕಿಕೊಂಡರೆ ಉಬ್ಬಸದವರಿಗೆ ಅದೇ ಕೆರಳಿಸುವ ಹೊಗೆಯಾದೀತು.

ಇನ್ನು ಎರಡನೇ ಪ್ರಶ್ನೆ: ಎಲ್ಲಿಯವರೆಗೆ ಮನೆ? ಕೋವಿಡ್‌ನ ಕೆಟ್ಟ ಗುಣವೆಂದರೆ ರಕ್ತದ ಆಮ್ಲಜನಕ ಕುಸಿಯುತ್ತಿದ್ದರೂ ಎಷ್ಟೋ ಮಂದಿಗೆ ಏದುಸಿರು ಬರುತ್ತಿರಲಿಲ್ಲ. ಉಬ್ಬಸದವರದು ಇದಕ್ಕೆ ತಿರುಗುಮುರುಗು ಕಷ್ಟ. ಅವರಿಗೆ ಏದುಸಿರು ದಿನನಿತ್ಯದ್ದು, ಇವತ್ತಿನದು ಯಾವ ಲೆಕ್ಕದ್ದೆಂದು ತಿಳಿಯುವುದಿಲ್ಲ. ಆದ್ದರಿಂದ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಅವರಿಗೆ ಬೇರೆಯವರಿಗಿಂತ ಹೆಚ್ಚು ಬೇಕು. 94ಕ್ಕಿಂತ ಕೆಳಗಿಳಿದರೆ ವೈದ್ಯರಿಗೆ ತಿಳಿಸಿ ಎಂಬುದು ಎಲ್ಲರಿಗೂ ಬಾಯಿಪಾಠವಾದ ಅಂಕಿ. ಆದರೆ ಹಳೆಯ ಸಿಒಪಿಡಿ ಇರುವವರಿಗೆ ಆರೋಗ್ಯವಾಗಿದ್ದ ದಿನವೂ ಅದು 90, 91 ತೋರಿಸಬಹುದು. ಅಂಥವರ ಮನೆಯಲ್ಲಿ 94ರ ಸೂತ್ರ ಸುಮ್ಮನೆ ಗಾಬರಿ ಹುಟ್ಟಿಸುತ್ತದೆ, ಗಾಬರಿ ಹಳತಾದ ಮೇಲೆ ಉದಾಸೀನ ಹುಟ್ಟಿಸುತ್ತದೆ. ಕಾಯಿಲೆ ಇಲ್ಲದ ದಿನಗಳಲ್ಲಿ ತಮ್ಮ ಅಂಕಿ ಎಷ್ಟೆಂದು ಬರೆದಿಟ್ಟುಕೊಂಡು, ಅದರಿಂದ ಎಷ್ಟು ಇಳಿದರೆ ಹೊರಡಬೇಕೆಂದು ತಮ್ಮ ವೈದ್ಯರಿಂದ ಮುಂಚಿತವಾಗಿ ಕೇಳಿಟ್ಟುಕೊಳ್ಳಬೇಕು. ಆ ಯಂತ್ರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಮೆರಿಕದ ಕಪ್ಪು ಜನರಲ್ಲಿ ಅದು ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಬಾರಿ ಮರೆಸಿತ್ತೆಂದು 2020ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಬಿಸಿಲಿನಲ್ಲಿ ದುಡಿದ ನಮ್ಮವರ ಮೈಬಣ್ಣಕ್ಕೂ ಈ ಅನುಮಾನ ಅನ್ವಯಿಸುತ್ತದೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಲೆಕ್ಕ ಇನ್ನೂ ತಪ್ಪೀತು. ಹಾಗೆಂದು ಎಸೆಯಬೇಕಿಲ್ಲ. ಒಂದು ಸಲದ ಅಂಕಿಗಿಂತ ಬೆಳಗ್ಗೆಯಿಂದ ಸಂಜೆಗೆ ಅದು ಯಾವ ದಿಕ್ಕಿಗೆ ಹೊರಟಿದೆ ಎಂಬುದು ಮುಖ್ಯ. ಜೊತೆಗೆ ಕಣ್ಣಿಗೆ ಕಾಣುವ ಗುರುತುಗಳಿವೆ: ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ಬೇಕಾಗುವುದು, ಮಂಕು ಕವಿಯುವುದು, ತುಟಿ ನೀಲಿಯಾಗುವುದು, ಪಂಪು ಎಳೆದರೂ ದಮ್ಮು ಇಳಿಯದಿರುವುದು. ಇಷ್ಟಾದ ಮೇಲೆ ಅಂಕಿ 95 ತೋರಿಸಿದರೂ ಹೊರಡಬೇಕು.

ಮನೆಗೇ ಆಮ್ಲಜನಕ ತರಿಸಿಕೊಂಡರೆ ಆಸ್ಪತ್ರೆಯ ತಂಟೆಯೇ ಬೇಡವಲ್ಲ ಎಂದು 2021ರಲ್ಲಿ ಅನುಕೂಲಸ್ಥರು ಯೋಚಿಸಿದ್ದು ಅರ್ಥವಾಗುತ್ತದೆ. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿದು ಆದ ಸಾವುಗಳ ಸುದ್ದಿ ಕೇಳಿದ ಮೇಲೆ ಆಸ್ಪತ್ರೆ ಎಂದರೆ ಯಾರಿಗೆ ಧೈರ್ಯ ಬರುತ್ತಿತ್ತು? ಆದರೆ ಆಮ್ಲಜನಕವೂ ಔಷಧ, ಅದಕ್ಕೂ ಅಳತೆ ಇದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸಿನಲ್ಲೇ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಸಿಒಪಿಡಿ ಖಚಿತವಾಗಿದ್ದವರಿಗೆ ಆಮ್ಲಜನಕವನ್ನು ರಭಸವಾಗಿ ಬಿಡುವುದರ ಬದಲು 88ರಿಂದ 92ರ ನಡುವೆ ನಿಲ್ಲುವಷ್ಟೇ ಅಳೆದು ಕೊಟ್ಟಾಗ ಸಾವುಗಳು ಶೇಕಡಾ 78ರಷ್ಟು ಕಡಿಮೆಯಾದವು. ಅತಿಯಾದರೆ ಅವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ, ಕೂತವರು ಕೂತಲ್ಲೇ ತೂಕಡಿಸಿ ಎಚ್ಚರ ತಪ್ಪುತ್ತಾರೆ. ಮನೆಯವರು ನೆಮ್ಮದಿಯ ನಿದ್ದೆ ಬಂತೆಂದು ಸುಮ್ಮನಿರುತ್ತಾರೆ. ಅಂಕಿ 99 ಮುಟ್ಟಿಸಬೇಕೆಂದು ಕಾನ್ಸಂಟ್ರೇಟರಿನ ಗುಂಡಿ ತಿರುಗಿಸುವ ಮಗನ ಪ್ರೀತಿಗೆ ಈ ಲೆಕ್ಕ ಗೊತ್ತಿರಬೇಕು. ವೈದ್ಯರು ಹೇಳಿದ ಲೀಟರಿಗಿಂತ ಒಂದು ಗೆರೆಯೂ ಏರಿಸಬಾರದು, ಆ ಕೋಣೆಯಲ್ಲಿ ದೀಪ, ಊದುಬತ್ತಿ, ಬೀಡಿ ಯಾವುದೂ ಇರಬಾರದು. ಗಾಡಿ ಬರುವವರೆಗೆ ಮಾಡಬಹುದಾದ ಕೆಲಸವೆಂದರೆ ಬೋರಲು ಮಲಗುವುದು. ಹಾಗೆ ಮಲಗಿದರೆ ಬೆನ್ನ ಕಡೆಯ ಶ್ವಾಸಕೋಶ ಬಿಚ್ಚಿಕೊಳ್ಳುತ್ತದೆ, ಕೇಂದ್ರ ಆರೋಗ್ಯ ಸಚಿವಾಲಯವೇ 2021ರ ಏಪ್ರಿಲ್‌ನಲ್ಲಿ ಇದನ್ನು ಚಿತ್ರಸಮೇತ ಹೇಳಿಕೊಟ್ಟಿತ್ತು. ದಮ್ಮು ಹೆಚ್ಚಾಗಿ ಮಲಗಲಾಗದವರು ದಿಂಬಿನ ಮೇಲೆ ಮುಂದಕ್ಕೆ ಬಾಗಿ ಕೂರಬೇಕು.

ಕುಣಿಗಲ್ ತಾಲ್ಲೂಕಿನ ಒಳಹಳ್ಳಿಯೊಂದರಿಂದ ನಡುರಾತ್ರಿ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ತುಮಕೂರಿಗೋ ಬೆಂಗಳೂರಿಗೋ ಹೋಗುವ ದಾರಿ ಹಗಲಿನ ಲೆಕ್ಕಕ್ಕೆ ಸಿಗುವುದಿಲ್ಲ. 108 ಬರುವ ಹೊತ್ತಿಗೆ ಚೀಟಿ ಹುಡುಕುತ್ತಾ ಕೂತರೆ ಅರ್ಧ ಗಂಟೆ ಹೋಯಿತು. ಹಾಗಾಗಿ ಉಬ್ಬಸದವರಿರುವ ಮನೆಯ ಬಾಗಿಲ ಹತ್ತಿರದ ಮೊಳೆಗೆ ಒಂದು ಬಟ್ಟೆ ಚೀಲ ನೇತುಹಾಕಿರಬೇಕು. ಅದರಲ್ಲಿ ಹಳೆಯ ಔಷಧ ಚೀಟಿ, ಎರಡು ಪಂಪು, ಆ ಬಾಟಲಿ, ಆಧಾರ್ ಮತ್ತು ಆರೋಗ್ಯ ಕಾರ್ಡಿನ ಪ್ರತಿ, ಫೋನಿನ ಚಾರ್ಜರ್, ಮತ್ತು ಒಂದು ಕಾಗದದ ಮೇಲೆ ದಪ್ಪಕ್ಷರದಲ್ಲಿ ಎರಡು ಸಾಲು: ಇವರಿಗೆ ಸಿಒಪಿಡಿ ಇದೆ, ಚೆನ್ನಾಗಿದ್ದಾಗ ಇವರ ಆಮ್ಲಜನಕದ ಅಂಕಿ ಇಷ್ಟು. ಹೆಸರು ಕೇಳಿದರೂ ಹೇಳಲಾರದ ಸ್ಥಿತಿಯಲ್ಲಿ ಬಂದವರಿಗೆ ಎಷ್ಟು ಲೀಟರ್ ಆಮ್ಲಜನಕ ಬಿಡಬೇಕೆಂದು ಆ ರಾತ್ರಿ ಪಾಳಿಯಲ್ಲಿರುವ ವೈದ್ಯರು ಆ ಎರಡು ಸಾಲು ನೋಡಿ ತೀರ್ಮಾನಿಸುತ್ತಾರೆ.